ಥೋಗ್ವಾಂಗ್ ಅಂದರೇನು?

ಆಯುಧಪೂಜೆಯ ಮಾರನೆಯ ಬೆಳಿಗ್ಗೆ, ರೇಷ್ಮೆ ನೂಲು ತೆಗೆಯುವ ನಮ್ಮ ಚೀನಾ ಮಿಷನ್ನು ಮುಷ್ಕರ ಹೂಡಿ ನಿಂತಿತು. ಗೂಡು ಆಗಲೇ ಬೆಂದಿತ್ತು. ಬೆಂದ ಗೂಡು ಯಾರಿಗೂ ಕಾಯುವುದಿಲ್ಲ. ಹೊತ್ತು ಮೀರಿದರೆ ಮೆತ್ತಗಾಗಿ ಎಳೆ ಕಡಿದು ಕಡಿದು ಬರುತ್ತದೆ. ರಾಮನಗರದ ಹರಾಜಿನಲ್ಲಿ ಹಟ ಹಿಡಿದು ಗೆದ್ದ ಗೂಡು ಕಣ್ಣೆದುರೇ ಹಾಳಾಗುತ್ತಿದ್ದರೆ ಮೈ ಉರಿಯದೆ ಇನ್ನೇನು?

ಪರದೆಯ ಮೇಲೆ ಕೆಂಪಗೆ ಚೀನೀ ಅಕ್ಷರಗಳು. ಮಿಷನ್ನು ಮಾರಿದವನು ಫೋನ್ ಎತ್ತಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಅರ್ಥ ಕೇಳಿದರೆ, ಮಿಷನ್ನಿಗೆ ‘ಬೆಳಕು ಸಾಲದು’ ಅಂತ ಬರೆದಿದೆ ಎಂದಿತು. ಸರಿ, ಷೆಡ್ಡಿನ ಕಿಟಕಿಯೆಲ್ಲ ತೆರೆದೆ, ಟ್ಯೂಬ್‌ಲೈಟು ಹಾಕಿದೆ, ಕೊನೆಗೆ ಟಾರ್ಚ್ ಹಿಡಿದೂ ನಿಂತೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮಿಷನ್ನು ಮಿಸುಕಲಿಲ್ಲ.

“ಇನ್ನೆಷ್ಟು ಬೆಳಕು ಬೇಕಂತೆ ಕಣವ್ವ ಅದ್ಕೆ?” ಎಂದರು ನಮ್ಮತ್ತೆ.

“ಅತ್ತೆ, ನೀವೊಸಿ ಸುಮ್ಕಿರಿ” ಎಂದು ಸಿಡುಕಿದೆ.

ಬೆಳಕಿನ ಆ ಪದವೊಂದನ್ನೇ ಒತ್ತಿ ಮತ್ತೆ ಕೇಳಿದೆ. ಫೋನು ‘ಥೋಗ್ವಾಂಗ್’ ಎಂದಿತು. ಮುಖಕ್ಕೆ ಉಗಿದ ಹಾಗಿತ್ತು. ಅರ್ಥ, ಒಂದರೊಳಗಿಂದ ಹಾದು ಬರುವ ಬೆಳಕು. ಥತ್, ನಾವು ದಿನಾ ನೋಡುವುದೇ ಅದನ್ನಲ್ಲವೇ! ಒಳಗೆ ಹುಳು ಕೊಳೆತಿದೆಯೋ ಎಂದು ಗೂಡನ್ನು ಬಲ್ಬಿಗೆ ಅಡ್ಡ ಹಿಡಿಯುತ್ತೇವೆ. ಮಿಷನ್ನಿಗೆ ಷೆಡ್ಡಿನ ಬೆಳಕು ಬೇಕಿರಲಿಲ್ಲ. ಗೂಡು ಸಾಗುವ ದಾರಿಯಲ್ಲಿ ಎದುರುಬದುರು ಎರಡು ಪುಟ್ಟ ಗಾಜುಗಳಿವೆ. ಒಂದರಿಂದ ಹೊರಟ ಬೆಳಕು ಹಾದು ಇನ್ನೊಂದನ್ನು ಮುಟ್ಟಬೇಕು. ಬಗ್ಗಿ ನೋಡಿದೆ. ಎರಡರ ಮೇಲೂ ದಪ್ಪಗೆ ಅರಿಶಿನ, ಕುಂಕುಮ. ಹಿಂದಿನ ದಿನ ಪೂಜೆ ಮಾಡಿದವರು ಅತ್ತೆ.

“ಥೋಗ್ವಾಂಗ್‌ಗೆ ನಿಮ್ ಕುಂಕುಮ ಅಡ್ಡ ಬಂದೈತೆ” ಎಂದು ಸೆರಗು ತೆಗೆದುಕೊಂಡು ಒರೆಸಲು ಹೋದೆ. ಅತ್ತೆ ಕೈ ಹಿಡಿದುಕೊಂಡರು.

“ಬ್ಯಾಡ ಕಣವ್ವ. ಹಬ್ಬದ ಕುಂಕುಮ, ಅಳಿಸ್ಬಾರ್ದು.”

ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ಬಾಯಿಗೆ ಬಂತು. “ನಿಮ್ ಮಗ ಹೋದಾಗ ನನ್ನ ಹಣೇದು ಅಳಿಸುದ್ರಲ್ಲ, ಅವತ್ತು ಯಾರೂ ಹಿಂಗೆ ಕೈ ಹಿಡೀಲಿಲ್ಲ.”

ಅತ್ತೆ ಕೈ ಬಿಟ್ಟರು. ನಾನು ಈಚೆಯ ಗಾಜು ಒರೆಸಿದೆ. ಆಚೆಯದನ್ನು ಅವರೇ ತಮ್ಮ ಸೆರಗಿನಿಂದ ಒರೆಸಿದರು. ಮಿಷನ್ನು ತಿರುಗಿತು. ಗೂಡು ಅರ್ಧಕ್ಕರ್ಧ ಹಾಳಾಗಿತ್ತು. ಉಳಿದದ್ದನ್ನು ಇಬ್ಬರೂ ಸೇರಿ ಮಿಷನ್ನಿಗೆ ಹಾಕಿದೆವು.