ಆಷಾಢ ಕಳೆಯಲಿ ಎಂದವಳು ನಾನು

ಪ್ರಭಾವತಿ ರೊಟ್ಟಿ ತಟ್ಟಲು ಶುರುಮಾಡಿದರೆ ಕೆಳಗಿನ ಮನೆಯಾಕೆ ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದಳು. ಇವಳು ನಗುತ್ತ ಇನ್ನೂ ಜೋರಾಗಿ ತಟ್ಟುತ್ತಿದ್ದಳು. ಬೈಲಹೊಂಗಲದ ಹೆಣ್ಣು, ಯಾರಿಗೂ ಸೊಪ್ಪು ಹಾಕುವವಳಲ್ಲ. ಗಂಡ ರಾಚಯ್ಯ ಡಿಟ್ರಾಯಿಟ್ ಪಕ್ಕದ ವಾರನ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಸಣ್ಣ ಕಂಪನಿಯಲ್ಲಿ ಇಂಜಿನಿಯರ್. ಅದೇ ಮಹಡಿಯಲ್ಲಿ ಅವರ ಎದುರು ಮನೆ ನಮ್ಮದು.

೧೯೭೪ರ ಜೂನ್‌ನಲ್ಲಿ ಅವಳ ಎದೆಯಲ್ಲಿ ಗಂಟು ಕಂಡಿತು. ಪರೀಕ್ಷೆ ಮಾಡಿದ ಡಾಕ್ಟರು ಕ್ಯಾನ್ಸರ್, ಮುಂದಿನ ವಾರವೇ ಆಪರೇಷನ್ ಎಂದರು. ಕಂಪನಿಯ ವಿಮೆ ಇತ್ತು, ಖರ್ಚಿನ ಚಿಂತೆ ಇರಲಿಲ್ಲ. ಮೈಸೂರಿನಿಂದ ಅಂಚೆಯಲ್ಲಿ ಪಂಚಾಂಗ ತರಿಸುತ್ತಿದ್ದವಳು ಅಲ್ಲಿನ ಕನ್ನಡದವರಲ್ಲಿ ನಾನೊಬ್ಬಳೇ. ಆಪರೇಷನ್ನಿಗೆ ಒಳ್ಳೆಯ ದಿನ ಕೇಳಲು ಪ್ರಭಾವತಿ ನನ್ನ ಹತ್ತಿರ ಬಂದಳು.

“ಆಷಾಢ ಕಣೇ. ಶ್ರಾವಣ ಬರ್ಲಿ, ಮೂರು ವಾರದಲ್ಲಿ ಏನ್ ಮುಳುಗಿಹೋಗತ್ತೆ?” ಎಂದೆ.

“ನಮ್ಮವ್ವನೂ ಹಂಗ ಅಂತಿದ್ಲರಿ ಅಕ್ಕಾರ,” ಎಂದು ಒಪ್ಪಿದಳು. ರಾಚಯ್ಯ ಗೊಣಗಿಕೊಂಡೇ ಡಾಕ್ಟರಿಗೆ ಫೋನ್ ಮಾಡಿ ಮುಂದೂಡಿದ.

ಶ್ರಾವಣಕ್ಕೆ ನಾಲ್ಕು ದಿನ ಇರುವಾಗ ಕಂಪನಿ ಬಾಗಿಲು ಹಾಕಿತು. ಕೆಲಸದ ಜೊತೆ ವಿಮೆಯೂ ಹೋಯಿತು. ವಿಮೆ ಇಲ್ಲದವರು ಹಣ ಮೊದಲೇ ಕಟ್ಟಬೇಕು ಎಂದರು ಆಸ್ಪತ್ರೆಯವರು. ನಾವೆಲ್ಲ ಕೂಡಿಸಿದ್ದು ಯಾವ ಮೂಲೆಗೂ ಸಾಲಲಿಲ್ಲ. ಎಲ್ಲರಿಗೂ ವಿಮೆ ಕೊಡುವ ಕಾನೂನು ವಾಷಿಂಗ್ಟನ್ನಿನಲ್ಲಿ ಇನ್ನೇನು ಬಂತು ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ ಅದು. ರಾಚಯ್ಯ ಆ ಸುದ್ದಿಗಳನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದ. ಬಾಗಿಲ ತುಂಬ ಕಾಗದವಾಯಿತು, ಕಾನೂನು ಬರಲಿಲ್ಲ. ತಡ ಮಾಡಿದ ಆ ದೊಡ್ಡ ಮನುಷ್ಯರಲ್ಲಿ ಯಾರ ವಿಮೆ ನಿಂತಿತ್ತು? ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಾಗೆಂದು ಅವರನ್ನು ಬೈದು ನಾನು ಪಾರಾಗುವ ಹಾಗೂ ಇಲ್ಲ.

ನವೆಂಬರಿನಲ್ಲಿ ರಾಚಯ್ಯನಿಗೆ ಬೇರೆ ಕೆಲಸ ಸಿಕ್ಕಿತು. ಹೊಸ ವಿಮೆಯವರು ಡಾಕ್ಟರ ಫೈಲು ತರಿಸಿ ನೋಡಿದರು. ಕಾಯಿಲೆ ಜೂನ್‌ನಲ್ಲೇ ಗೊತ್ತಿತ್ತು, ಆಪರೇಷನ್ ಬೇಡವೆಂದು ಮುಂದೂಡಿದ್ದು ರೋಗಿಯೇ ಎಂದು ಅದರಲ್ಲಿ ಬರೆದಿತ್ತು. ಮೊದಲೇ ಇದ್ದ ಕಾಯಿಲೆಗೆ ಒಂದು ವರ್ಷ ಏನೂ ಕೊಡುವುದಿಲ್ಲ ಎಂದರು. ಅವಳಿಗೆ ಅಷ್ಟು ಆಯಸ್ಸು ಉಳಿದಿರಲಿಲ್ಲ. ಚಳಿಗಾಲದಲ್ಲಿ ರೊಟ್ಟಿಯ ಸದ್ದು ನಿಂತಿತು. ಕೆಳಗಿನ ಮನೆಯಾಕೆಯೇ ಮೇಲೆ ಬಂದು, ಯಾಕೆ ಸದ್ದಿಲ್ಲ ಎಂದು ವಿಚಾರಿಸಿ ಹೋದಳು.

ಮರುವರ್ಷದ ಜೂನ್‌ನಲ್ಲಿ ಪ್ರಭಾವತಿ ತೀರಿಕೊಂಡಳು. ಒಂದು ಸಲವಾದರೂ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮೂರನೆಯ ದಿನ ರಾಚಯ್ಯ ಅವಳ ಹೆಸರಿನಲ್ಲಿ ಮಾಡುವ ಗಣಾರಾಧನೆಯ ಊಟಕ್ಕೆ ಕರೆಯಲು ಬಂದ. “ಯಾವತ್ತು?” ಎನ್ನುತ್ತ ನಾನು ಅಭ್ಯಾಸಬಲದಿಂದ ಎದ್ದು ಕಪಾಟಿನ ಕಡೆ ಹೋದೆ.

“ಪಂಚಾಂಗ ತಗೀಬ್ಯಾಡ್ರಿ ಅಕ್ಕಾರ,” ಎಂದ. “ರವಿವಾರ ಮಾಡ್ತೀನ್ರಿ. ಎಲ್ಲಾರಿಗೂ ರಜಾ ಇರ್ತದ.”