ಇಲ್ಲ ಎನ್ನುವ ಅಜ್ಜಿ

ಟಿಕೆಟ್ ಅಜ್ಜಿ ತನ್ನ ದುಡಿಮೆಯ ಕಾಲವನ್ನೆಲ್ಲ ಕಳೆದದ್ದು ಒಂದು ತೂತಿನ ಹಿಂದೆ. ಸಿನಿಮಾ ಮಂದಿರದ ಟಿಕೆಟ್ ಕಿಟಕಿ ಅದು. ಒಂದು ಕೈ ಒಳಗೆ ಬರುವಷ್ಟು ಅಗಲ. ಎರಡು ಕೈ ಒಟ್ಟಿಗೆ ಬಂದರೆ ಜಗಳ. ಊರಿನವರ ಮುಖಗಳನ್ನು ಅವಳು ಕಂಡದ್ದು ಕಡಿಮೆ, ಕೈಗಳನ್ನು ಕಂಡದ್ದೇ ಹೆಚ್ಚು. ಬೆವೆತ ಕೈ, ಗ್ರೀಸು ಮೆತ್ತಿದ ಕೈ, ಮೊದಲ ಸಲ ಜೊತೆಯಾಗಿ ಬಂದವರ ನಡುಗುವ ಕೈ. ಎಲ್ಲ ಕೈಗಳಿಗೂ ಅವಳಲ್ಲಿ ಒಂದೇ ಉತ್ತರ ಸಿದ್ಧವಿತ್ತು: "ಇಲ್ಲ." ಟಿಕೆಟಿನ ಕಟ್ಟು ಮಡಿಲಲ್ಲೇ ಇದ್ದರೂ ಮೊದಲು ಇಲ್ಲವೆಂದು, ಆಮೇಲೆ ಎಲ್ಲೋ ಹುಡುಕಿದಂತೆ ಮಾಡಿ ಕೊಡುತ್ತಿದ್ದಳು.

"ಕೇಳಿದ ಕೂಡ್ಲೇ ಕೊಟ್ರೆ ಸಿನಿಮಾಗೆ ರುಚಿ ಎಲ್ಲಿಂದ ಬರಬೇಕು?" ಎಂಬುದು ಅವಳ ವಾದ.

ಮಂದಿರ ಮುಚ್ಚಿತು. ತೂತು ಹೋಯಿತು, 'ಇಲ್ಲ' ಉಳಿಯಿತು. ಗಡಿಯಾರ ರಿಪೇರಿ ಮಾಡುವ ಮಗ ಬೆಳಿಗ್ಗೆ "ಅಮ್ಮಾ, ಚಹಾ ಇದ್ಯಾ?" ಎಂದರೆ, ಲೋಟಕ್ಕೆ ಚಹಾ ಬಗ್ಗಿಸುತ್ತಲೇ "ಇಲ್ಲ" ಎನ್ನುತ್ತಿದ್ದಳು. ಮಗ ಕೈ ಚಾಚಿ ಲೋಟ ತೆಗೆದುಕೊಳ್ಳುತ್ತಿದ್ದ. ತಾಯಿ ಮಗನ ನಡುವೆ ಅದು ನಮಸ್ಕಾರವಿದ್ದ ಹಾಗೆ.

ಸೊಸೆ ವಕೀಲೆ. ಅತ್ತೆಗೆ 'ಇಲ್ಲ' ಎಷ್ಟು ಸಲೀಸೋ ಸೊಸೆಗೆ 'ಆಯ್ತು' ಅಷ್ಟು ಸಲೀಸು. ಎದುರು ಪಕ್ಷದ ವಕೀಲರು ಏನಾದರೂ ಸರಿಯಾಗಿ ಹೇಳಿದರೆ ತಲೆಯಾಡಿಸಿಬಿಡುತ್ತಿದ್ದಳು. ನ್ಯಾಯಾಧೀಶರೇ ಒಮ್ಮೆ, "ತಾಯಿ, ನೀವು ಯಾರ ಕಡೆ?" ಎಂದು ಕೇಳಿದ್ದುಂಟು. ಕಕ್ಷಿದಾರರು ಅವಳನ್ನು ಮೆಚ್ಚಿಕೊಳ್ಳುತ್ತಿದ್ದರು, ಮುಂದಿನ ಮೊಕದ್ದಮೆಯನ್ನು ಮಾತ್ರ ಬೇರೆಯವರಿಗೆ ಕೊಡುತ್ತಿದ್ದರು. ಹಾಗಾಗಿ ಬಿಡುವಿದ್ದ ಆಕೆ ಭಾನುವಾರದ ಸಂಜೆಗಳಲ್ಲಿ ಮನೆಯ ಹಜಾರದಲ್ಲಿ ಹಕ್ಕಿನ ಪಾಠ ಶುರುಮಾಡಿದಳು. ಹೊಸದಾಗಿ ದುಡಿಯಲು ಹೊರಟ ಹುಡುಗ ಹುಡುಗಿಯರು ಬರುತ್ತಿದ್ದರು. ಪುಸ್ತಕ ಓದಿಸುವ ಪಾಠವಲ್ಲ. ಆಫೀಸು, ಅಂಗಡಿ, ಠಾಣೆಗಳಲ್ಲಿ ಹೇಗೆ ನಿಲ್ಲಬೇಕು, ಏನು ಕೇಳಬೇಕು ಎಂಬುದನ್ನು ಆಡಿ ತೋರಿಸಿ ಕಲಿಸುವ ಪಾಠ.

ತೊಡಕೇನೆಂದರೆ, ಆಟದಲ್ಲಿ ಕೇಳಿದ್ದನ್ನು ಕೊಡದ ಗುಮಾಸ್ತನ ಪಾತ್ರ ಸೊಸೆಯದೇ. ಗ್ಯಾರೇಜಿನ ಹುಡುಗ ಮೇಜಿನ ಮುಂದೆ ನಿಂತು, "ಮೇಡಂ, ವಾಸದ ಸರ್ಟಿಫಿಕೇಟು ಬೇಕಿತ್ತು" ಎಂದ. ಗುಮಾಸ್ತನಾದ ಸೊಸೆ ಹುಬ್ಬು ಗಂಟಿಕ್ಕಲು ನೋಡಿದಳು. ಹುಬ್ಬು ಒಪ್ಪಲಿಲ್ಲ.

"ಪಾಪ, ಬಿಸಿಲಲ್ಲಿ ಬಂದಿದ್ದೀಯ. ನೀರು ಕುಡಿ ಮೊದ್ಲು. ತಗೋ ಸರ್ಟಿಫಿಕೇಟು."

ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗ ಅದೇ ಹುರುಪಿನಲ್ಲಿ ನಿಜವಾದ ಆಫೀಸಿಗೆ ಹೋದ. ಅಲ್ಲಿ ನೀರೂ ಸಿಗಲಿಲ್ಲ, ಸರ್ಟಿಫಿಕೇಟೂ ಸಿಗಲಿಲ್ಲ. ಮುಂದಿನ ಭಾನುವಾರ ಜೋಲುಮುಖ ಹೊತ್ತು ಬಂದ.

ಒಳಕೋಣೆಯಲ್ಲಿ ಮಲಗಿ ಇದನ್ನೆಲ್ಲ ಕೇಳುತ್ತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಇದೇನು ಆಫೀಸೋ, ಮದುವೆ ಮನೆನೋ?" ಎಂದು ಕೂಗಿದಳು. ಒಳಕೋಣೆಗೂ ಹಜಾರಕ್ಕೂ ನಡುವೆ ಒಂದು ಕಿಟಕಿ ಇತ್ತು. ಆ ಕಿಟಕಿಯ ಬಾಗಿಲನ್ನು ಅರ್ಧ ತೆರೆದು, ಅದರ ಹಿಂದೆ ಕುರ್ಚಿ ಎಳೆದುಕೊಂಡು ಕೂತಳು. "ಬಾರೋ, ಕೇಳು ಈಗ."

"ಅಜ್ಜೀ, ವಾಸದ ಸರ್ಟಿಫಿಕೇಟು…"

"ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ನಾಳೆ ಬಾ."

"ನಾಳೆ ಬಂದ್ರೆ ಸಿಗುತ್ತಾ?"

"ಅದನ್ನ ನಾಳೆ ಬಂದು ಕೇಳು."

ಹುಡುಗ ಬೆನ್ನು ತಿರುಗಿಸಿದ. ಸೊಸೆ ಹಿಂದಿನಿಂದ, "ಹೋಗ್ಬೇಡ ಕಣೋ! ಯಾಕಿಲ್ಲ ಅಂತ ಬರೆದು ಕೊಡಿ ಅನ್ನು" ಎಂದಳು.

"ಯಾಕಿಲ್ಲ ಅಂತ ಬರೆದು ಕೊಡಿ."

"ಪೆನ್ನಿಲ್ಲ."

ಹುಡುಗ ತನ್ನ ಪೆನ್ನು ಕೊಟ್ಟ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಈ ಬಣ್ಣದ ಶಾಯಿಲಿ ಬರೆಯೋ ಹಾಗಿಲ್ಲ" ಎಂದು ಕಿಟಕಿ ಮುಚ್ಚಿದಳು. ಪೆನ್ನು ಒಳಗೇ ಉಳಿಯಿತು.

ಆ ಹುಡುಗ ಅದೆಷ್ಟು ಭಾನುವಾರ ಆ ಕಿಟಕಿಯ ಮುಂದೆ ಬೆವರಿದನೋ. ಕೊನೆಗೆ ನಿಜವಾದ ಆಫೀಸಿಗೆ ಹೋಗಿ "ಬರೆದು ಕೊಡಿ" ಎಂದಾಗ ಗುಮಾಸ್ತ ಗಾಬರಿಯಾಗಿ ಸರ್ಟಿಫಿಕೇಟನ್ನೇ ಕೊಟ್ಟುಬಿಟ್ಟ. ಹುಡುಗ ಸಪ್ಪೆ ಮುಖ ಮಾಡಿಕೊಂಡು ಬಂದು, "ಅಷ್ಟೇನಾ? ನಮ್ಮಜ್ಜಿ ಮುಂದೆ ಆತ ಹಸುಗೂಸು" ಎಂದ. ಅಂದಿನಿಂದ ಹಜಾರದಲ್ಲಿ ಕೂರಲು ಜಾಗವಿರಲಿಲ್ಲ. ಕಾನೂನು ಸೊಸೆಯದು, ಅಡ್ಡಿ ಅತ್ತೆಯದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಎರಡೂ ಕಾಲ ಭಾನುವಾರ ಸಂಜೆ ಒಟ್ಟಿಗೇ ಬರುತ್ತಿದ್ದವು.

ಹಾಗಿರುವಾಗ ಬಂದವಳು ಕತ್ತರಿ. ಬಟ್ಟೆ ಅಂಗಡಿಯಲ್ಲಿ ಪರದೆ ಬಟ್ಟೆ, ಹೊದಿಕೆ ಬಟ್ಟೆ ಅಳೆದು ಕತ್ತರಿಸುವ ಹುಡುಗಿ; ಕತ್ತರಿ ಯಾವಾಗಲೂ ಕೊರಳಿನ ದಾರದಲ್ಲಿ ನೇತಾಡುತ್ತಿದ್ದುದರಿಂದ ಆ ಹೆಸರು. ಕಣ್ಣು ಮುಚ್ಚಿ ಬಟ್ಟೆ ಸವರಿ ಅದು ಹತ್ತಿಯೋ ಬೆರಕೆಯೋ ಹೇಳುವಳು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಆದರೆ ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದು ಯಜಮಾನರದು. ಬಾಗಿಲು ತೆರೆದಾಗ ನಿಂತವಳು ಮುಚ್ಚುವವರೆಗೆ ನಿಂತೇ ಇರಬೇಕು. ಮನೆಗೆ ಬಂದರೆ ಊದಿದ ಪಾದದಿಂದ ಚಪ್ಪಲಿ ಕೀಳಲು ತಾಯಿ ಹಿಡಿದು ಎಳೆಯಬೇಕಿತ್ತು.

"ಹೀಗೇ ಆದ್ರೆ ಕಾಲು ಹೋಗುತ್ತೆ. ಕೇಳಿದ್ರೆ ಕೆಲಸ ಹೋಗುತ್ತೆ" ಎಂದಳು ಕತ್ತರಿ. "ಯಾವುದನ್ನ ಉಳಿಸ್ಕೊಳ್ಳಿ, ಅಕ್ಕ?"

"ಎರಡನ್ನೂ" ಎಂದಳು ಸೊಸೆ. "ಅಂಗಡಿಲಿ ದುಡಿಯೋರಿಗೆ ಕೂರೋಕೆ ಆಸನ ಇಡ್ಬೇಕು ಅಂತ ಕಾನೂನೇ ಇದೆ. ಯಾವ ಅಂಗಡಿ ನಿಂದು?"

ಕತ್ತರಿ ಹೇಳಿದಳು. ಸೊಸೆ ಮೆಲ್ಲನೆ ಕಿಟಕಿಯತ್ತ ನೋಡಿದಳು. ಆ ಅಂಗಡಿಯ ಯಜಮಾನ ಅಜ್ಜಿಯ ಸ್ವಂತ ತಮ್ಮ.

ಕಿಟಕಿಯ ಹಿಂದೆ ಅಜ್ಜಿಯ ಕಣ್ಣು ಹೊಳೆಯಿತು. "ನನ್ನ ತಮ್ಮನಾ? ಅವನು ಮಾತು ಕಲಿತದ್ದೇ ನನ್ನ ಸೊಂಟದ ಮೇಲೆ ಕೂತು. ಏನೇನು ಅಂತಾನೋ ಎಲ್ಲಾ ನನಗ್ಗೊತ್ತು. ಬಾರೇ, ಕೇಳು."

"ಅತ್ತೆ, ನಿಮಗೆ ಬೇಜಾರಾಗಲ್ವಾ?"

"ಪಾಠಕ್ಕೂ ನೆಂಟಸ್ತನಕ್ಕೂ ಏನೇ ಸಂಬಂಧ? ಸುಮ್ನಿರು ನೀನು."

ಹೀಗೆ ಅಜ್ಜಿ ಯಜಮಾನನಾದಳು. ಗಿರಾಕಿಗಳು ಸೋಮಾರಿಗಳ ಅಂಗಡಿ ಅಂದ್ಕೋತಾರೆ ಎಂದಳು. ಜಾಗ ಎಲ್ಲಿದೆ, ನನ್ನ ತಲೆ ಮೇಲೆ ಇಡ್ಲಾ ಎಂದಳು. ಇವತ್ತು ಕುರ್ಚಿ, ನಾಳೆ ಮಂಚ ಕೇಳ್ತೀಯ ಎಂದಳು. ನಾನೇನು ವಯಸ್ಸಲ್ಲಿ ನಿಲ್ಲಲಿಲ್ವಾ ಎಂದು ಎದೆ ತಟ್ಟಿಕೊಂಡಳು. ಒಂದೊಂದಕ್ಕೂ ಕತ್ತರಿ ಉತ್ತರ ಕಲಿತಳು. ಕೊನೆಗೊಂದು ಮಾತಿತ್ತು: "ಇಷ್ಟ ಇಲ್ದಿದ್ರೆ ನಾಳೆಯಿಂದ ಬರ್ಬೇಡ." ಅದು ಬಂದರೆ ಹುಡುಗಿ ಅಲ್ಲೇ ಸೋಲುತ್ತಿದ್ದಳು. ಆಟವೆಂದು ಗೊತ್ತಿದ್ದೂ ಕಣ್ಣು ತುಂಬುತ್ತಿತ್ತು. ಅಜ್ಜಿ ಕರುಣೆ ತೋರಿಸದೆ ಕಿಟಕಿ ಮುಚ್ಚುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ, ಉಪ್ಪು ಹಾಕಿದ ಬಿಸಿನೀರಿನ ಬೋಗುಣಿ ತಂದು, "ಕಾಲಿಡು ಇದ್ರಲ್ಲಿ" ಎಂದು ಗದರುತ್ತಿದ್ದಳು.

ಒಂದು ಭಾನುವಾರ ಕತ್ತರಿ, ಪಾದ ಬಿಸಿನೀರಲ್ಲಿರುವಾಗಲೇ ತಲೆಯೆತ್ತಿ ಹೇಳಿದಳು: "ಬರ್ತೀನಿ. ನಾನು ಕೇಳಿದ್ದು ಕೂರೋಕೆ, ಹೋಗೋಕಲ್ಲ."

ಹಜಾರ ಹೋ ಎಂದಿತು. ಅಜ್ಜಿ ಆ ರಾತ್ರಿ ಊಟಕ್ಕೆ ಕೂತವಳು ಸಾರಿನಲ್ಲಿ ಉಪ್ಪಿಲ್ಲವೆಂದು ಸೊಸೆಯನ್ನು ಬೈದಳು. ಸಾರು ಮಾಡಿದ್ದು ಅಜ್ಜಿಯೇ.

ಅಂಗಡಿಗೆ ಹೋಗುವ ದಿನ ಸೊಸೆ, ಕತ್ತರಿ ಹೊರಟರು. ಅಜ್ಜಿಯೂ ಚಪ್ಪಲಿ ಮೆಟ್ಟಿದಳು. "ಸುಮ್ನೆ ನೋಡೋಕೆ. ಬಾಯಿ ಬಿಡಲ್ಲ" ಎಂದು ಮಾತು ಕೊಟ್ಟಳು.

ಯಜಮಾನ ಗುಂಡಗಿನ ಮನುಷ್ಯ. ಜೋರು ಮಾಡುವುದು ಕೆಲಸದವರ ಮೇಲೆ ಮಾತ್ರ. ಅಕ್ಕನನ್ನು ಕಂಡರೆ ಇಂದಿಗೂ ಕೈ ಹಿಂದಕ್ಕೆ ಕಟ್ಟಿಕೊಳ್ಳುವವನು. ವಕೀಲೆ ಸೊಸೆಯೂ ಜೊತೆಗಿದ್ದಾಳೆಂದು ಕಂಡು ಕುರ್ಚಿಯಿಂದ ಎದ್ದೇಬಿಟ್ಟ. ಕತ್ತರಿ ದನಿ ನಡುಗಿಸದೆ ಕೇಳಿದಳು: "ಯಜಮಾನ್ರೇ, ನಮಗೆ ಕೂರೋಕೆ ಸ್ಟೂಲು ಬೇಕು. ಗಿರಾಕಿ ಇಲ್ದಾಗ ಕೂರ್ತೀವಿ, ಬಂದಾಗ ಏಳ್ತೀವಿ. ಕಾನೂನಲ್ಲೂ ಇದೆ."

ಯಜಮಾನ ಅಕ್ಕನನ್ನು ನೋಡಿದ, ಸೊಸೆಯನ್ನು ನೋಡಿದ, ಕೆನ್ನೆ ತುರಿಸಿಕೊಂಡ. "ಅದಕ್ಕೇನಂತೆ… ಇಡಿಸಿದ್ರೆ ಆಯ್ತು…"

ಕೆಲಸ ಅಲ್ಲಿಗೇ ಮುಗಿದಿತ್ತು. ಸೊಸೆ ಕೈ ಮುಗಿಯಲೂ ಹೊರಟಿದ್ದಳು. ಆದರೆ ತನ್ನ ತಮ್ಮ, ತಾನು ಭಾನುವಾರಗಳೆಲ್ಲ ಗಂಟಲು ಹರಿದುಕೊಂಡು ಯಾರ ಪಾತ್ರ ಆಡಿದ್ದಳೋ ಆ ತಮ್ಮ, ಮೊದಲ ಮಾತಿಗೇ ಮಂಡಿಯೂರುವುದನ್ನು ಅಜ್ಜಿಯಿಂದ ನೋಡಲಾಗಲಿಲ್ಲ.

"ಏನೋ ಅದು 'ಅದಕ್ಕೇನಂತೆ'? ಗಿರಾಕಿಗಳು ಏನಂದ್ಕೋತಾರೆ ಅನ್ನೋ!"

"ಹಾಂ?" ಎಂದ ತಮ್ಮ.

"ಅತ್ತೆ!" ಎಂದಳು ಸೊಸೆ.

ತಮ್ಮನಿಗೆ ಬಲ ಬಂತು. ಅಕ್ಕ ತನ್ನ ಕಡೆ! "ಹೌದು ಮತ್ತೆ! ಗಿರಾಕಿಗಳು ಏನಂದ್ಕೋತಾರೆ?"

"ದಣಿದವಳು ತಪ್ಪು ಅಳೀತಾಳೆ, ಕೂತೆದ್ದವಳು ಸರಿಯಾಗಿ ಅಳೀತಾಳೆ ಅಂದ್ಕೋತಾರೆ" ಎಂದಳು ಕತ್ತರಿ, ಅಜ್ಜಿಯ ಕಡೆ ತಿರುಗಿ.

"ಜಾಗ ಎಲ್ಲಿದೆ ಅನ್ನು!" ಅಜ್ಜಿ ಪಿಸುಗುಟ್ಟಿದಳು. ಅವಳ ಪಿಸುಮಾತು ಸಿನಿಮಾ ಸಾಲಿನ ಕೊನೆಯವನಿಗೂ ಕೇಳುವಂಥದು.

"ಜಾಗ ಎಲ್ಲಿದೆ?" ಎಂದ ತಮ್ಮ.

"ಮೇಜಿನ ಕೆಳಗೆ. ಬೇಡದಾಗ ಒಳಗೆ ತಳ್ಳಬಹುದು. ನಿನ್ನೆ ಅಳೆದು ನೋಡಿದೀನಿ, ಅಜ್ಜಿ."

ವಾದ ಈಗ ಅಜ್ಜಿಗೂ ಹುಡುಗಿಗೂ. ಯಜಮಾನ ನಡುವೆ ನಿಂತು ಅತ್ತಿತ್ತ ಕತ್ತು ತಿರುಗಿಸುತ್ತಿದ್ದ. ಹೊದಿಕೆ ಕೊಳ್ಳಲು ಬಂದಿದ್ದ ಗಂಡ ಹೆಂಡತಿ ಹೊದಿಕೆ ಮರೆತು ಗೋಡೆಗೊರಗಿ ನಿಂತರು. ಅಂಗಡಿಯ ಉಳಿದ ಹುಡುಗಿಯರು ಥಾನುಗಳ ಹಿಂದಿನಿಂದ ಇಣುಕಿದರು. ಮಂಚದ ಮಾತು ಬಂತು, ಎದೆ ತಟ್ಟುವ ಮಾತು ಬಂತು, ಎಲ್ಲಕ್ಕೂ ಉತ್ತರ ಬಂತು. ಹುರುಪೇರಿದ ತಮ್ಮ ಆಗ, ಯಾರೂ ಹೇಳಿಕೊಡದೆ, ತಾನೇ ಗುಡುಗಿದ:

"ಇಷ್ಟ ಇಲ್ದಿದ್ರೆ ನಾಳೆಯಿಂದ ಬರ್ಬೇಡ!"

ಇದು ಹಜಾರವಲ್ಲ. ಇಲ್ಲಿ ಕಿಟಕಿ ಮುಚ್ಚಿದರೆ ಬಿಸಿನೀರಿನ ಬೋಗುಣಿ ಬರುವುದಿಲ್ಲ. ಮುಗಿದುಹೋಗಿದ್ದ ಕೆಲಸವನ್ನು ತಾನೇ ಕೆದಕಿ ಕೆಡಿಸಿದೆನೆಂದು ಅಜ್ಜಿಗೆ ಆಗ ಹೊಳೆಯಿತು.

ಕತ್ತರಿ ಕೊರಳ ಕತ್ತರಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಬರ್ತೀನಿ, ಯಜಮಾನ್ರೇ. ನಾನು ಕೇಳಿದ್ದು ಕೂರೋಕೆ, ಹೋಗೋಕಲ್ಲ."

ಯಜಮಾನನಿಗೆ ಮುಂದಿನ ಮಾತು ಗೊತ್ತಿರಲಿಲ್ಲ. ಹೇಳಿಕೊಡಲಿ ಎಂದು ಅಕ್ಕನತ್ತ ನೋಡಿದ. ಅಷ್ಟು ಹೊತ್ತು ನಿಂತು ಅವಳ ಮಂಡಿ ಗಡಗಡ ನಡುಗುತ್ತಿತ್ತು. ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದಿದ್ದಳು.

"ಅಕ್ಕಾ, ಕೂತ್ಕೋ" ಎಂದು ತಮ್ಮ ತನ್ನ ಕುರ್ಚಿ ಎಳೆದ.

"ಇಲ್ಲ."

"ಬಿದ್ದುಬಿಡ್ತೀಯ, ಕೂತ್ಕೊಳ್ಳೇ!"

"ಇಲ್ಲ."

ಅದು ಯಾರ ಪರವಾದ 'ಇಲ್ಲ' ಎಂಬುದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಪ್ರಾಯಶಃ ಅಜ್ಜಿಗೂ ತಿಳಿದಿರಲಿಲ್ಲ. ಎದುರು ಬದುರಾಗಿ ಊದಿದ ಕಾಲಿನ ಹುಡುಗಿ, ನಡುಗುವ ಮಂಡಿಯ ಮುದುಕಿ, ನಡುವೆ ಖಾಲಿ ಕುರ್ಚಿ. ಯಜಮಾನನಿಗೆ ಅಳು ಬರುವಂತಾಯಿತು. ಹುಡುಗಿಯತ್ತ ತಿರುಗಿ ಅಂಗಲಾಚಿದ: "ನೀನಾದ್ರೂ ಕೂತ್ಕೊಳ್ಳಮ್ಮಾ! ನೀನು ಕೂತ್ರೆ ಇವಳೂ ಕೂರ್ತಾಳೆ!"

"ಇವತ್ತಿಗಾ, ದಿನಾನಾ?"

"ದಿನಾ!"

"ನನಗೊಬ್ಳಿಗಾ, ಎಲ್ರಿಗಾ?"

ಅಜ್ಜಿಯ ತುಟಿ ಅಲುಗಿತು. ಅವಳು ಮತ್ತೇನಾದರೂ ಹೇಳಿಕೊಟ್ಟಾಳೆಂಬ ಭಯಕ್ಕೆ ತಮ್ಮ ಕೂಗಿಯೇಬಿಟ್ಟ: "ಎಲ್ರಿಗೂ!"

ಕತ್ತರಿ ಯಜಮಾನನ ಕುರ್ಚಿಯಲ್ಲಿ ಕೂತಳು. ಅಜ್ಜಿ ಹತ್ತಿರದ ಬಟ್ಟೆಯ ಥಾನಿನ ಮೇಲೆ ಕುಸಿದಳು. ಉಳಿದ ಹುಡುಗಿಯರು ಸಿಕ್ಕಸಿಕ್ಕಲ್ಲಿ ಕೂತರು, ಗಂಡ ಹೆಂಡತಿಯೂ ಯಾಕೋ ಹೊಸ್ತಿಲ ಮೇಲೆ ಕೂತರು. ಇಡೀ ಅಂಗಡಿಯಲ್ಲಿ ನಿಂತವನು ಯಜಮಾನನೊಬ್ಬನೇ.

ದಾರಿಯಲ್ಲಿ ಸೊಸೆ ಹೇಳಿದಳು, "ಅತ್ತೆ, ಅವರು ಮೊದಲ ಮಾತಿಗೇ ಒಪ್ಪಿದ್ರು."

"ಸುಲಭಕ್ಕೆ ಒಪ್ಪಿದವನು ಸುಲಭಕ್ಕೆ ಮರೀತಾನೆ. ಈಗ ಸಾಯೋವರೆಗೂ ಮರೆಯಲ್ಲ."

"ಅದಕ್ಕೇ ಹಾಗೆ ಮಾಡಿದ್ರಾ?"

ಅಜ್ಜಿ ಒಂದಷ್ಟು ದೂರ ನಡೆದಳು, ಸೊಸೆಯ ಭುಜದ ಮೇಲೆ ಭಾರ ಬಿಟ್ಟು. "ಅದಕ್ಕಲ್ಲ ಕಣೇ. ಬಾಯಿ ತಡೀಲಿಲ್ಲ."

ಇಬ್ಬರೂ ಬೀದಿಯ ನಡುವೆ ನಿಂತು, ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಜಟ್ಟಿ ಕೆಳಗೆ ಬಿದ್ದಿದ್ದ. ಮೀಸೆ ಪೂರ್ತಿ ಮಣ್ಣಾಗಿತ್ತು.

ಸ್ಟೂಲುಗಳು ಬಂದವು. ಮಂಡಿ ನೋವು ಇಳಿದ ಮೇಲೆ ಅಜ್ಜಿ ಒಂದು ಮಧ್ಯಾಹ್ನ ಒಬ್ಬಳೇ ಅಂಗಡಿಗೆ ಹೋದಳು. ಕತ್ತರಿ ಸ್ಟೂಲಿನ ಮೇಲೆ ಕೂತು, ಪಾದಗಳನ್ನು ಚಪ್ಪಲಿಯಿಂದ ಹೊರತೆಗೆದು, ತುಂಡು ಬಟ್ಟೆ ಮಡಿಸುತ್ತಿದ್ದಳು. ಅಜ್ಜಿಯನ್ನು ಕಂಡು ಧಡಕ್ಕನೆ ಎದ್ದಳು.

"ಕೂತ್ಕೋ! ಯಾರು ಏಳು ಅಂದ್ರು ನಿನಗೆ?"

"ಗಿರಾಕಿ ಬಂದ್ರೆ ಏಳ್ತೀವಿ ಅಂತ ಒಪ್ಪಂದ ಆಗಿದೆಯಲ್ಲ, ಅಜ್ಜಿ. ಏನು ಬೇಕು?"

"ಪರದೆ ಬಟ್ಟೆ. ಆ ಒಳಕೋಣೆ ಕಿಟಕಿಗೆ. ಕೂತ್ಕೊಂಡೇ ತೋರ್ಸು."

"ಒಳ್ಳೇದೆಲ್ಲ ಮೇಲಿನ ಕಪಾಟಲ್ಲಿದೆ. ಕೂತ್ಕೊಂಡು ಹೇಗೆ ತೆಗೀಲಿ?"

"ಕೆಳಗಿನ ಕಪಾಟಲ್ಲಿ ಏನಿದೆ?"

"ಕಂದು ಬಣ್ಣ. ಯಾರೂ ಒಯ್ಯಲ್ಲ."

ಅಜ್ಜಿಗೆ ಹುಟ್ಟಿದಂದಿನಿಂದ ಕಂದು ಬಣ್ಣ ಕಂಡರಾಗದು. ಬಟ್ಟೆಯನ್ನು ಬೆರಳ ನಡುವೆ ತಿಕ್ಕಿ, ಮೂಗು ಮುರಿದು, ಹುಡುಗಿಯ ಪಾದದ ಕಡೆ ಒಮ್ಮೆ ನೋಡಿದಳು.

"ಅದನ್ನೇ ಕೊಡು" ಎಂದಳು.