ಮೊಮ್ಮಗಳ ಪುಟಕ್ಕೆ ನಾನು ಹೇರಿದ ನೆಂಟರು

ನನ್ನ ಮೊಮ್ಮಗಳು ಸುಮಾ ಒಂದು ವೆಬ್‌ಸೈಟ್ ಮಾಡಿದಳು. ಅದರೊಳಗೆ ನಲವತ್ತಮೂರು ಜನ ನೆಂಟರನ್ನು ತುಂಬಿದವಳು ನಾನು.

ನಗಬೇಡಿ. ನಗುವ ಹಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ.

ಸುಮಾ ನನ್ನ ಮಗಳ ಮಗಳು. ಶಿಕಾರಿಪುರದಲ್ಲಿ ಡಿಪ್ಲೊಮಾ ಓದಿ, ವೆಬ್‌ಸೈಟ್ ಕಟ್ಟುವುದನ್ನು ಕಲಿತು, ಈಗ ಶಿರಾಳಕೊಪ್ಪದಲ್ಲಿ ಒಂದು ಪುಟ್ಟ ಮಳಿಗೆ ಹಿಡಿದು ಕೂತಿದ್ದಾಳೆ. ಅವಳಿಗೆ ಸಿಕ್ಕ ಮೊದಲ ಕೆಲಸವೇ ನಮ್ಮ ಕುರಿಗಾರರ ಸಂಘದ್ದು. ನಾನು ನಾಲ್ಕನೇ ಕ್ಲಾಸಿಗೆ ಪಾಟಿ ಇಟ್ಟು ಕುರಿ ಹಿಂದೆ ಹೋದವಳು. ನನ್ನ ಮೊಮ್ಮಗಳು ಬರೆದದ್ದು ಎಲ್ಲರ ಫೋನಿನಲ್ಲೂ ಕಾಣುತ್ತದೆ ಅಂದರೆ ನನಗೆ ಹೇಗಾಗಿರಬೇಡ? ಬಸ್ಸಿನಲ್ಲಿ ಪಕ್ಕ ಕೂತ, ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಕಂಡಕ್ಟರಿಗೂ ಹೇಳಿದೆ. (ಆತ ಟಿಕೆಟ್ ಎಲ್ಲಿಗೆ ಅಂತ ಕೇಳಿದ.)

ಸಂಘಕ್ಕೆ ವೆಬ್‌ಸೈಟ್ ಯಾಕೆ ಅಂತ ನೀವು ಕೇಳಬಹುದು. ವಾಟ್ಸಾಪ್ ಗುಂಪು ಇತ್ತು. ಆದರೆ ಲಸಿಕೆ ಕ್ಯಾಂಪಿನ ದಿನ ಯಾವುದು ಎಂದು ಹುಡುಕಲು ಹೋದರೆ ನೂರು ಗುಡ್ ಮಾರ್ನಿಂಗ್ ಗುಲಾಬಿಗಳನ್ನು ದಾಟಬೇಕಿತ್ತು. ನಮ್ಮವರು ಕುರಿ ಹೊಡೆದುಕೊಂಡು ಊರೂರು ತಿರುಗುವವರು. ಬೇಸಿಗೆ ಬಂತೆಂದರೆ ಸೊರಬದ ಕಡೆ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಾರೆ. ಒಂದೇ ಕಡೆ ನೋಡಿದರೆ ಎಲ್ಲ ತಿಳಿಯಬೇಕು ಎಂಬುದು ಸಂಘದವರ ಆಸೆ.

ಸುಮಾ ಪುಟ ತಯಾರು ಮಾಡಿ ಮೊದಲು ನನಗೇ ತೋರಿಸಿದಳು. ಕನ್ನಡಕ ಹಾಕಿಕೊಂಡು ನೋಡಿದೆ. ಬಿಳಿ ನೆಲ, ಕಪ್ಪು ಅಕ್ಷರ. ಲಸಿಕೆ ಯಾವಾಗ, ಕುಡಿಯುವ ನೀರು ಎಲ್ಲಿದೆ, ಉಣ್ಣೆ ಕತ್ತರಿಸುವವರ ನಂಬರ್ ಏನು. ಮುಗಿಯಿತು. ಒಂದು ಕುರಿಯ ಚಿತ್ರ ಕೂಡ ಇಲ್ಲ!

"ಇಷ್ಟೇನಾ?" ಅಂದೆ.

"ಬೇಕಂತಲೇ ಹಿಂಗೆ ಮಾಡೀನಿ ಅಜ್ಜಿ. ಹಗುರ ಇರಬೇಕು."

"ಫೋನೊಳಗಿನ ಪುಟಕ್ಕೆ ಎಂಥ ತೂಕನೇ?"

ಆಗ ಅವಳು ಕೂರಿಸಿಕೊಂಡು ಹೇಳಿದಳು. ನಾವು ಬೆರಳು ಒತ್ತಿದಾಗ ಪುಟ ಗಾಳಿಯಿಂದ ಬರುವುದಿಲ್ಲವಂತೆ. ಎಲ್ಲೋ ದೂರದಲ್ಲಿ ದೊಡ್ಡ ದೊಡ್ಡ ಮಷೀನುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ, ಅವು ಬಿಸಿಯಾಗದಂತೆ ತಂಪು ಮಾಡಲು ಮತ್ತೆ ಕರೆಂಟು, ಕೆಲವು ಕಡೆ ನೀರು. ಅಲ್ಲಿಂದ ಟವರಿಗೆ, ಟವರಿನಿಂದ ನಮ್ಮ ಕೈಗೆ. ಫೋಟೋ, ವಿಡಿಯೋ ಹೆಚ್ಚಿದಷ್ಟೂ ಹೊರೆ ಹೆಚ್ಚು. ಅದೂ ಒಂದು ಸಲವಲ್ಲ, ಯಾರು ಎಷ್ಟು ಸಲ ತೆರೆದರೆ ಅಷ್ಟು ಸಲ. ಅಕ್ಷರವನ್ನೂ ಅವಳು ಹೊರಗಿನಿಂದ ತರಿಸಿರಲಿಲ್ಲ, ಫೋನಿನಲ್ಲಿ ಮೊದಲೇ ಇರುವ ಕನ್ನಡ ಅಕ್ಷರವನ್ನೇ ಬಳಸಿದ್ದಳು.

"ಯಾರೂ ಇಲ್ಲದ ಕೋಣೆಯಾಗೆ ಲೈಟ್ ಉರಿಸಬೇಡ ಅಂತ ಬೈತಿದ್ದೋಳು ನೀನೇ ಅಲ್ವಾ?" ಅಂದಳು. "ಇದೂ ಅದೇ ಅಜ್ಜಿ."

ಎಷ್ಟು ಚಂದ ಹೇಳಿದಳು! ನನಗೆ ಅರ್ಥವೂ ಆಯಿತು. ಆದರೆ ಅರ್ಥವಾದದ್ದು ತಲೆಗೆ, ಸಂತೋಷ ತುಂಬಿದ್ದು ಹೊಟ್ಟೆಯಲ್ಲಿ. ಎರಡಕ್ಕೂ ಮಾತುಕತೆ ನಡೆಯಲಿಲ್ಲ.

ಮದುವೆ ಕರೆಯೋಲೆ ಅಚ್ಚು ಹಾಕಿಸಿದವರಿಗೆ ನನ್ನ ಕಷ್ಟ ತಿಳಿದೀತು. ಒಬ್ಬ ಹಿರಿಯರ ಹೆಸರು ಬಿಟ್ಟು ನೋಡಿ! ಚಪ್ಪರದಲ್ಲಿ ಊಟ ಮುಟ್ಟುವುದಿಲ್ಲ, ಮೂರು ವರ್ಷ ಮಾತಿಲ್ಲ. ಅದಕ್ಕೇ ನಮ್ಮಲ್ಲಿ ಕಾರ್ಡಿನ ಮೇಲೆ ಮದುಮಕ್ಕಳ ಹೆಸರಿಗಿಂತ ಸುಖಾಗಮನ ಬಯಸುವವರ ಹೆಸರೇ ಹೆಚ್ಚು. ಸುಮಾಳ ಪುಟ ನನ್ನ ಕಣ್ಣಿಗೆ ಅಂಥದ್ದೇ ಒಂದು ಕಾರ್ಡು. ಮನೆತನದ ಮೊದಲ ಕಾರ್ಡು. ಅದರಲ್ಲಿ ನಮ್ಮವರು ಇಲ್ಲದಿದ್ದರೆ ಹೇಗೆ?

ತಾಳಗುಂದದ ನಮ್ಮ ಭಾವನ ಫೋಟೋ ಹಾಕು ಅಂದೆ. ಅವರದ್ದು ಹಾಕಿದ ಮೇಲೆ ಅವರ ತಮ್ಮಂದಿರದ್ದು ಬೇಡವೇ? ಬೀಗರದ್ದು? ಬೀಗರ ಅಕ್ಕನದ್ದು?

"ಬ್ಯಾಡ ಅಜ್ಜಿ," ಅಂದಳು ಸುಮಾ.

ಮರುದಿನ ಮತ್ತೆ ಕೇಳಿದೆ. "ಬ್ಯಾಡ ಅಜ್ಜಿ, ಸಿಗ್ನಲ್ ಇಲ್ದೋರಿಗೆ ತೆರೆಯಲ್ಲ," ಅಂದಳು.

ಮೂರನೇ ದಿನ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. "ಆಯ್ತು ಬಿಡವ್ವ. ನಾವೆಲ್ಲ ಓದಿಲ್ಲದೋರು. ನಿನ್ನ ಪುಟದಾಗೆ ನಮಗೆಲ್ಲಿ ಜಾಗ?"

ಸಂಜೆ ಹೊತ್ತಿಗೆ ಭಾವನ ಮೀಸೆ ಪುಟದ ನೆತ್ತಿಯ ಮೇಲಿತ್ತು.

ಒಮ್ಮೆ ಬಾಗಿಲು ತೆರೆದರೆ ನೆಂಟರು ನಿಲ್ಲುತ್ತಾರೆಯೇ? ನಲವತ್ತಮೂರು ಫೋಟೋ, ಒಂದಾದ ಮೇಲೆ ಒಂದು ಜಾರಿಕೊಂಡು ಬರುವ ಹಾಗೆ. ಮದುವೆ ವಿಡಿಯೋ ತೆಗೆಯುವ ನನ್ನ ಮೈದುನ ನಮ್ಮ ಮಂದೆಯನ್ನು ಡ್ರೋನಿನಲ್ಲಿ ಹಿಡಿದ. ಅದನ್ನೂ ಹಾಕಿಸಿದೆ. ಪುಟ ತೆರೆದ ಕೂಡಲೇ ತಾನಾಗಿಯೇ ಡೊಳ್ಳು ಬಾರಿಸಬೇಕು ಅಂದೆ. ಬಾರಿಸಿತು. ಸುಮಾಳ ಮಳಿಗೆಯಲ್ಲಿ ವೈಫೈ ಇತ್ತು, ಎಲ್ಲ ಸಲೀಸಾಗಿ ಓಡಿತು. ನಾನು ದಿನಕ್ಕೆ ಹತ್ತು ಸಲ ತೆರೆಸಿ ನೋಡಿದೆ. ಹತ್ತು ಸಲವೂ ಕಣ್ಣು ತುಂಬಿತು. ಆ ಹತ್ತು ಸಲವೂ ಎಲ್ಲೋ ಒಂದು ಮಷೀನು ನನ್ನ ಬೀಗರ ಅಕ್ಕನನ್ನು ಹೊತ್ತುಕೊಂಡು ಓಡುತ್ತಿತ್ತು ಎಂದು ನೆನಪಾಗಬೇಕಿತ್ತು. ಆಗಲಿಲ್ಲ.

ಮಳೆಗಾಲಕ್ಕೆ ಮುಂಚೆ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕಿಸಬೇಕು. ಹೊಸ ಹುಲ್ಲು ಮೇಯ್ದಾಗ ಬರುವ ಕಾಯಿಲೆ ಅದು. ಬೆಳಿಗ್ಗೆ ಜಿಗಿದಾಡಿದ ಮರಿ ಮಧ್ಯಾಹ್ನಕ್ಕೆ ಕಾಲು ಸೆಟೆದು ಬಿದ್ದಿರುತ್ತದೆ. ಈ ಸಲ ಶಿರಾಳಕೊಪ್ಪದ ಹೊರಗೆ ಕ್ಯಾಂಪು ಅಂತ ಗೊತ್ತಾಗಿತ್ತು. ಲಸಿಕೆ ಬೇಗ ಬಂದದ್ದರಿಂದ ದಿನವನ್ನು ನಾಲ್ಕು ದಿನ ಮುಂಚೆ ಮಾಡಿದರು. ಸುಮಾ ಆ ಕ್ಷಣವೇ ಪುಟದಲ್ಲಿ ಹೊಸ ದಿನ ಹಾಕಿದಳು. ವೆಬ್‌ಸೈಟ್ ಇದೆಯಲ್ಲ ಅಂತ ಸಂಘದವರು ವಾಟ್ಸಾಪಿಗೂ ಹಾಕಲಿಲ್ಲ, ಯಾರಿಗೂ ಫೋನೂ ಮಾಡಲಿಲ್ಲ.

ನಮ್ಮ ಬೀರಪ್ಪ ಆಗ ಸೊರಬದ ಕಡೆಯ ಉಳವಿಯ ಹತ್ತಿರ ಒಂದು ಗದ್ದೆಯಲ್ಲಿ ಮಂದೆ ನಿಲ್ಲಿಸಿದ್ದ. ದೂರದ ಸಂಬಂಧದಲ್ಲಿ ನನಗೆ ತಮ್ಮನಾಗಬೇಕು. ಹೊರಡುವ ಮುಂಚೆ ದಿನ ಖಾತ್ರಿ ಮಾಡಿಕೊಳ್ಳೋಣ ಎಂದು ಗದ್ದೆಯ ಬದುವಿನ ಮೇಲೆ ನಿಂತು ಪುಟ ತೆರೆದಿದ್ದಾನೆ. ಸಿಗ್ನಲ್ ಒಂದೇ ಕಡ್ಡಿ. ಚಕ್ರ ತಿರುಗಿತು. ಭಾವನ ಹಣೆ ಬಂತು. ಮತ್ತೆ ಚಕ್ರ. ಎರಡು ದಿನ ಪ್ರಯತ್ನಿಸಿದನಂತೆ, ಅವನು ಹಾಕಿಸಿದ್ದ ಪ್ಯಾಕಿನ ಡೇಟಾ ಖಾಲಿಯಾಗುವವರೆಗೂ. ಭಾವನ ಮೀಸೆಯಿಂದ ಕೆಳಗೆ ಪುಟ ಇಳಿಯಲೇ ಇಲ್ಲ.

ಯಾರೂ ಫೋನ್ ಮಾಡಿಲ್ಲ ಅಂದಮೇಲೆ ಹಳೆಯ ದಿನವೇ ಇರಬೇಕು ಅಂದುಕೊಂಡು ಮಂದೆ ಹೊಡೆದುಕೊಂಡು ಬಂದ. ಕ್ಯಾಂಪಿನ ಜಾಗದಲ್ಲಿ ಕುರಿ ಹಿಕ್ಕೆ ಮಾತ್ರ ಇತ್ತು. ಇನ್ನೊಂದು ಸುತ್ತು ಲಸಿಕೆ ಬರುವಷ್ಟರಲ್ಲಿ ಮಳೆ ಬಂತು, ಹುಲ್ಲು ಬಂತು. ಬೀರಪ್ಪನ ಹನ್ನೊಂದು ಮರಿ ಹೋದವು.

ಸಂಘದ ಸಭೆಯಲ್ಲಿ ಅವನು ಎದ್ದು ನಿಂತ. ಜೋರು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಏನವ್ವಾ ಸುಮಾ, ಎಂಥ ಪುಟ ಮಾಡೀಯ? ನಮ್ಮಂಥೋರ ಫೋನಿನಾಗೆ ತೆರೆಯಲಿಲ್ಲ ಅಂದ್ರೆ ಅದು ಯಾರಿಗೆ ಮಾಡಿದ್ದು?"

ಪಕ್ಕದಲ್ಲಿದ್ದ ಒಬ್ಬರು, "ಹೆಣ್ಹುಡ್ಗಿ, ಈಗಿನ್ನೂ ಕಲೀತೈತಿ ಬಿಡ್ರೀ," ಅಂದರು. ಆ ಮಾತು ಬೀರಪ್ಪನ ಮಾತಿಗಿಂತ ಕೆಟ್ಟದಾಗಿತ್ತು.

ಸುಮಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತಪ್ಪು ನಂದೇ ಅಜ್ಜ," ಅಂದಳು.

ನಾನು ಹತ್ತು ಮಾರು ದೂರದಲ್ಲಿ ಕೂತಿದ್ದೆ. ಊರೆಲ್ಲ ಡಂಗುರ ಹೊಡೆದ ಬಾಯಿ ಅಲ್ಲಿ ತೆರೆಯಲಿಲ್ಲ. ಬಸ್ಸಿನಲ್ಲಿ ಗುರುತಿಲ್ಲದವರಿಗೆ ಹೇಳಿಕೊಂಡವಳು, ಗುರುತಿದ್ದ ಮೂವತ್ತು ಜನರ ಎದುರು 'ಅದು ನನ್ನ ಹಟ ಕಣ್ರೋ' ಅನ್ನಲಾರದೆ ಹೋದೆ. ಚಹಾ ಬಂತು, ಕುಡಿದೆ.

ಮನೆಗೆ ಬಂದ ಮೇಲಾದರೂ ಬೈಯುತ್ತಾಳೆ ಅಂದುಕೊಂಡೆ. ಸುಮಾ ಲ್ಯಾಪ್‌ಟಾಪ್ ತೆರೆದು, ಮೆಲ್ಲಗೆ ಕೇಳಿದಳು: "ಅಜ್ಜಿ, ತಾಳಗುಂದದ ಅಜ್ಜನ ಫೋಟೋ ತೆಗೀಲಾ? ಬೇಜಾರು ಮಾಡ್ಕೊಳ್ತಾರಾ?"

ಹನ್ನೊಂದು ಮರಿ ಸತ್ತ ಮೇಲೂ ನನ್ನನ್ನು ಕೇಳುತ್ತಿದ್ದಾಳೆ!

ನಲವತ್ತಮೂರು ಜನರಿಗೂ ನಾನೇ ಫೋನ್ ಹಚ್ಚಿದೆ. ಇಬ್ಬರು ಮುನಿಸಿಕೊಂಡರು. ಮುನಿಸಿಕೊಳ್ಳಲಿ. ಭಾವನವರು ಮಾತ್ರ, "ನನ್ನ ಫೋಟೋ ಇತ್ತಾ ಅದ್ರಾಗೆ? ನನ್ನ ಫೋನಿನಾಗೂ ತೆರೆದಿರಲಿಲ್ಲ," ಅಂದರು. ಯಾರಿಗೆ ಬೇಜಾರಾಗುತ್ತದೆ ಎಂದು ನಾನು ಅತ್ತೆನೋ ಅವರು ಅದನ್ನು ನೋಡಿಯೇ ಇರಲಿಲ್ಲ.

ಆಮೇಲೆ ಬೀರಪ್ಪನ ಹತ್ತಿರ ಹೋದೆ. ಕುರಿಹಟ್ಟಿಗೆ ಮುಳ್ಳುಬೇಲಿ ಕಟ್ಟುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೈಯಲ್ಲಿದ್ದ ಮುಳ್ಳು ಕೆಳಗಿಟ್ಟ.

"ನಿಮ್ಮ ಭಾವನ ಮೀಸೆ ನೋಡಾಕ ನನ್ನ ಮರಿ ಹೋದ್ವಾ ಅಕ್ಕ?"

ಹೌದು ಅಂದೆ.

"ಹುಡ್ಗಿ ಬ್ಯಾಡ ಅನ್ನಲಿಲ್ವಾ?"

"ಎರಡು ಸಲ ಅಂದ್ಲು."

"ಮತ್ತೆ?"

"ನಾನು ಅತ್ತೆ."

ಬೀರಪ್ಪ ಕೆಳಗಿಟ್ಟ ಮುಳ್ಳನ್ನು ಮತ್ತೆ ಎತ್ತಿಕೊಂಡ. "ನೀವು ಅತ್ರೆ ಅದು ಇನ್ನೇನು ಮಾಡೀತು, ಪಾಪ," ಅಂದ. ಆಮೇಲೆ ಬೇಲಿ ಕಟ್ಟಲು ತಿರುಗಿದ. ಕೂತ್ಕೊಳ್ಳಿ ಅನ್ನಲಿಲ್ಲ. ಮರಿಗಳ ಲೆಕ್ಕದಲ್ಲಿ ನನ್ನ ತಪ್ಪೊಪ್ಪಿಗೆಯನ್ನು ಎಲ್ಲಿಡಬೇಕು ಅವನಾದರೂ?

ಮುಂದಿನ ಸಭೆಯಲ್ಲಿ ನಾನೇ ಎದ್ದು ಹೇಳುತ್ತೇನೆ. ಅದಕ್ಕೂ ಮುಂಚೆ ಇಲ್ಲಿ ಬರೆದಿದ್ದೇನೆ, ಯಾಕೆಂದರೆ ಎದ್ದು ನಿಂತಾಗ ಮತ್ತೆ ಬಾಯಿ ಕಟ್ಟಿದರೆ ಯಾರಾದರೂ ಇದನ್ನು ಓದಿ ಹೇಳಲಿ.

ಪುಟ ಈಗ ಮೊದಲಿನಂತೆ ಬಿಳಿ ನೆಲ, ಕಪ್ಪು ಅಕ್ಷರ. ಒಂದೇ ಕಡ್ಡಿ ಸಿಗ್ನಲ್ಲಿಗೂ ತಟ್ಟನೆ ತೆರೆಯುತ್ತದಂತೆ. ಕರೆಂಟು ಉಳಿಯುತ್ತದೆ, ಡೇಟಾ ಉಳಿಯುತ್ತದೆ. ಇದೆಲ್ಲ ಸುಮಾಳಿಗೆ ಮೊದಲೇ ಗೊತ್ತಿತ್ತು. ಯಾವುದು ಬೇಕು, ಯಾವುದು ಬೇಡ ಎಂದು ಅಷ್ಟು ಸ್ಪಷ್ಟವಾಗಿ ಕಲಿತುಬಂದ ಹುಡುಗಿ ಅವಳು.

ಮನೆಯವರ ಕಣ್ಣೀರಿಗೆ ಮೂರನೇ ಸಲವೂ 'ಬೇಡ' ಅನ್ನುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ನಾವು ಎಂದಾದರೂ ಕಲಿಸಿದ್ದೇವೆಯೇ?